ಸೋಲಿಗೆ ಕಾರಣ ಬೇಕೆ?

ಬಹುಕಾಲ ಸೋಲನ್ನೇ ಕಾಣದವನೊಬ್ಬನು ಒಂದು ದಿನ ಸೋತನೆಂದರೆ, ಆ ಸೋಲಿನ ಹಿಂದೆ ಅಸಾಧಾರಣವಾದ ಕಾರಣವೊಂದು ಇದ್ದೇ ತೀರಬೇಕೆಂಬ ನಂಬಿಕೆ ಜನಮನದಲ್ಲಿ ಆಳವಾಗಿ ಬೇರೂರಿದೆ. ಅಹಂಕಾರ ತಲೆಗೇರಿತು ಎನ್ನುವರು ಕೆಲವರು. ಬಳಲಿದ್ದನು, ಬೇಸತ್ತಿದ್ದನು ಎನ್ನುವರು ಮತ್ತೆ ಕೆಲವರು. ಇವೆರಡೂ ಸಾಲದೆನಿಸಿದವರು, ಬೇಕೆಂದೇ ಸೋತನು ಎಂದು ತೀರ್ಪಿತ್ತು ನಿಶ್ಚಿಂತರಾಗುವರು. 2019ರ ಜೂನ್ 3ರಂದು ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾದ ‘ಜೆಪರ್ಡಿ’ ಎಂಬ ರಸಪ್ರಶ್ನೆಯ ಪಂದ್ಯದಲ್ಲಿ, ಅದುವರೆಗೆ ಒಂದರ ಮೇಲೊಂದರಂತೆ 32 ಗೆಲುವುಗಳನ್ನು ಸಾಧಿಸಿದ್ದ ಜೇಮ್ಸ್ ಹೋಲ್ಜ್‌ಹೌವರ್ ಎಂಬಾತನು ಎಮ್ಮಾ ಬೆಟ್ಚರ್ ಎಂಬ ಗ್ರಂಥಪಾಲಕಿಯ ಎದುರು ಸೋತಾಗ ಈ ಮೂರು ವಿವರಣೆಗಳೂ ಒಟ್ಟೊಟ್ಟಿಗೆ ಹುಟ್ಟಿಕೊಂಡುವು. ಅವುಗಳ ಪೈಕಿ ಮೂರನೆಯದು ಎಷ್ಟು ಗಟ್ಟಿಯಾಗಿ ನಿಂತಿದೆಯೆಂದರೆ, ನಮ್ಮೂರಾದ ಬೆಳುವಾಯಿಯಿಂದ ಮೂಡುಬಿದಿರೆಯ ಕಾಲೇಜುಗಳಿಗೆ ಹೋಗಿಬರುವ, ರಸಪ್ರಶ್ನೆಯ ಗೀಳು ಹತ್ತಿದ ತರುಣರ ಮಾತಿನಲ್ಲಿ ಇಂದಿಗೂ ಅದು ಸಿದ್ಧಪಟ್ಟ ಸಂಗತಿಯೆಂಬಂತೆ ಕೇಳಿಬರುತ್ತದೆ. ಈ ಮೂರು ವಿವರಣೆಗಳೂ ಒಂದೇ ತಪ್ಪಿನ ಮೂರು ಮುಖಗಳೆಂಬುದು ನನ್ನ ಅಭಿಪ್ರಾಯ. ಅದನ್ನು ಕ್ರಮವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಆಟದ ಸ್ವರೂಪವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಪ್ರತಿ ಪಂದ್ಯಕ್ಕೂ ಮೂವರು ಸ್ಪರ್ಧಿಗಳು. ಪ್ರಶ್ನೆಯನ್ನು ಓದಿ ಮುಗಿಸಿದ ಮೇಲೆ ಗುಂಡಿಯನ್ನು ಮೊದಲು ಒತ್ತಿದವರಿಗೆ ಉತ್ತರಿಸುವ ಅಧಿಕಾರ. ಉತ್ತರ ಸರಿಯಾದರೆ ಪ್ರಶ್ನೆಯ ಬೆಲೆ ಅವರ ಲೆಕ್ಕಕ್ಕೆ ಜಮೆ, ತಪ್ಪಾದರೆ ಅಷ್ಟೇ ಮೊತ್ತ ವಜಾ. ಫಲಕದ ಮೇಲಣ ಪ್ರಶ್ನೆಗಳ ನಡುವೆ ಮೊದಲ ಸುತ್ತಿನಲ್ಲಿ ಒಂದು, ಎರಡನೆಯ ಸುತ್ತಿನಲ್ಲಿ ಎರಡು ‘ಡೈಲಿ ಡಬಲ್’ಗಳು ಅಡಗಿರುತ್ತವೆ, ಅವು ಯಾರ ಕೈಗೆ ಸಿಕ್ಕುವುವೋ ಅವರು ಮಾತ್ರ ತಮ್ಮ ಗಳಿಕೆಯನ್ನು ಪಣವಾಗಿಟ್ಟು ಉತ್ತರಿಸಬಹುದು. ಎರಡು ಸುತ್ತುಗಳು ಮುಗಿದ ಬಳಿಕ ಕೊನೆಯದೊಂದು ಪ್ರಶ್ನೆ: ಅದರ ವಿಷಯವನ್ನಷ್ಟೇ ಮೊದಲು ಸಾರುತ್ತಾರೆ, ಸ್ಪರ್ಧಿಗಳು ಪರಸ್ಪರ ತಿಳಿಯದಂತೆ ಪಣವನ್ನು ಬರೆದಿಡುತ್ತಾರೆ, ಅನಂತರ ಪ್ರಶ್ನೆ, ಲಿಖಿತ ಉತ್ತರ, ತೀರ್ಮಾನ. ಗೆದ್ದವನು ಮುಂದಿನ ಪಂದ್ಯಕ್ಕೆ ಮರಳುತ್ತಾನೆ. ಸೋತವರು ಮನೆಗೆ ಹೋಗುತ್ತಾರೆ.

ಎದುರು ಪಕ್ಷವನ್ನು ಅದರ ಪೂರ್ಣಬಲದೊಂದಿಗೇ ಮಂಡಿಸುವುದು ನ್ಯಾಯ. ‘ಬೇಕೆಂದೇ ಸೋತನು’ ಎನ್ನುವವರ ವಾದ ಹೀಗಿದೆ:

1. ಹೋಲ್ಜ್‌ಹೌವರನು 32 ಪಂದ್ಯಗಳಲ್ಲಿ ಗಳಿಸಿದ್ದುದು 24,62,216 ಡಾಲರು, ಎಂದರೆ ಪಂದ್ಯವೊಂದಕ್ಕೆ ಸರಾಸರಿ 77,000ಕ್ಕೆ ಸಮೀಪ. ಕೊನೆಯ ಪ್ರಶ್ನೆಗೆ ಹತ್ತಾರು ಸಾವಿರ ಪಣವೊಡ್ಡುವುದು ಆತನ ನಿತ್ಯದ ರೂಢಿಯಾಗಿತ್ತು. ಸೋತ ದಿನ ಆತನು ಒಡ್ಡಿದ್ದು ಕೇವಲ 1,399.

2. ಆತನು ಲಾಸ್ ವೇಗಾಸಿನಲ್ಲಿ ಕ್ರೀಡಾಪಣವನ್ನೇ ವೃತ್ತಿಯಾಗಿಸಿಕೊಂಡವನು. ಪಣದ ಲೆಕ್ಕಾಚಾರದಲ್ಲಿ ಅಜಾಗರೂಕತೆಯಿಂದ ಎಡವುವವನಲ್ಲ.

3. ಕೆನ್ ಜೆನ್ನಿಂಗ್ಸನು 2004ರಲ್ಲಿ 74 ಗೆಲುವುಗಳಿಂದ ಸ್ಥಾಪಿಸಿದ್ದ 25,20,700 ಡಾಲರುಗಳ ದಾಖಲೆಗೆ ಆತನಿಗೆ ಇನ್ನುಳಿದಿದ್ದುದು 58,484 ಮಾತ್ರ. ಹೊಸ್ತಿಲವರೆಗೆ ಬಂದು ನಿಂತುದು ಆಕಸ್ಮಿಕವಿರಲಾರದು.

ಮೇಲುನೋಟಕ್ಕೆ ಈ ಮೂರೂ ಸಂಗತಿಗಳು ಒಂದಕ್ಕೊಂದು ಪೋಷಕವಾಗಿ ತೋರುತ್ತವೆ, ಮತ್ತು ಮೂರೂ ಸತ್ಯವೇ. ದೋಷವಿರುವುದು ಸಂಗತಿಗಳಲ್ಲಲ್ಲ, ಅವುಗಳಿಂದ ಎಳೆದ ನಿರ್ಣಯದಲ್ಲಿ. ಮೂರನೆಯದನ್ನು ಮೊದಲು ತೆಗೆದುಕೊಳ್ಳೋಣ. ತನ್ನ ಸರಾಸರಿಗಿಂತಲೂ ಕಡಮೆಯಾದ ಒಂದೇ ಒಂದು ಗೆಲುವಿನಿಂದ ಸರ್ವಕಾಲಿಕ ದಾಖಲೆ ಕೈಗೂಡುವ ಸ್ಥಿತಿಯಲ್ಲಿದ್ದವನಿಗೆ ಸೋಲುವ ಇಚ್ಛೆ ಹುಟ್ಟುವುದಕ್ಕೆ ಅದಕ್ಕಿಂತ ಅನುಚಿತವಾದ ದಿನ ಮತ್ತೊಂದಿರಲಾರದು. ಬಿಟ್ಟುಕೊಡಬೇಕೆಂದಿದ್ದರೆ ದಾಖಲೆಯನ್ನು ದಾಟಿದ ಮರುದಿನ ಬಿಟ್ಟುಕೊಡಬಹುದಾಗಿತ್ತು. ಸಂಶಯಕ್ಕೆ ಆಧಾರವೆಂದು ತೋರಿಸಿದ ಸಂಗತಿಯೇ ಸಂಶಯವನ್ನು ಅಲ್ಲಗಳೆಯುತ್ತದೆ. ಎರಡನೆಯ ಸಂಗತಿಯಾದರೋ ಇಬ್ಬಾಯಿಯ ಕತ್ತಿ: ಆತನು ಪಣದಲ್ಲಿ ನಿಪುಣನಾಗಿದ್ದನೆಂದರೆ, ಆ 1,399 ಎಂಬ ವಿಚಿತ್ರವಾದ ಅಂಕದಲ್ಲಿ ನಿಪುಣತೆಯೇನಾದರೂ ಅಡಗಿದೆಯೇ ಎಂದು ಪರೀಕ್ಷಿಸುವುದು ಪರೀಕ್ಷಕನ ಮೊದಲ ಕರ್ತವ್ಯವಾಗುತ್ತದೆ.

ಪರೀಕ್ಷಿಸಿದರೆ ಹೀಗೆ ಕಾಣುತ್ತದೆ. ಕೊನೆಯ ಪ್ರಶ್ನೆಗೆ ಮುನ್ನ ಬೆಟ್ಚರಳ ಬಳಿ 26,600, ಹೋಲ್ಜ್‌ಹೌವರನ ಬಳಿ 23,400, ಮೂರನೆಯವನಾದ ಜೇ ಸೆಕ್ಸ್ಟನನ ಬಳಿ 11,000 ಡಾಲರುಗಳಿದ್ದುವು. ಹೋಲ್ಜ್‌ಹೌವರನು ತನ್ನಲ್ಲಿದ್ದುದೆಲ್ಲವನ್ನೂ ಪಣವಾಗಿಟ್ಟು ಗೆದ್ದರೆ ಆತನ ಮೊತ್ತ 46,800 ಆಗಬಲ್ಲುದು. ಆದುದರಿಂದ ಮುಂದಿದ್ದವಳು ಅದನ್ನು ಒಂದು ಡಾಲರಿನಿಂದ ಮೀರುವಂತೆ 20,201 ಪಣವೊಡ್ಡುವುದು ಆಟ ಬಲ್ಲವರೆಲ್ಲರೂ ಮಾಡುವ ಕೆಲಸ. ಬೆಟ್ಚರಳು ಒಡ್ಡಿದ್ದೂ ಅಷ್ಟನ್ನೇ. ಆಕೆಯ ಉತ್ತರ ಸರಿಯಾದ ಪಕ್ಷದಲ್ಲಿ ಹೋಲ್ಜ್‌ಹೌವರನು ಎಷ್ಟು ಒಡ್ಡಿದ್ದರೂ ವ್ಯರ್ಥ. ಸರ್ವಸ್ವವನ್ನೂ ಒಡ್ಡಿದ್ದರೆ ಒಂದು ಡಾಲರಿನಿಂದ ಸೋಲುತ್ತಿದ್ದನು, ಅಷ್ಟೇ ಭೇದ. ಆಕೆಯ ಉತ್ತರ ತಪ್ಪಾದ ಪಕ್ಷದಲ್ಲಾದರೋ ಆಕೆ 6,399ಕ್ಕೆ ಕುಸಿಯುತ್ತಾಳೆ. ಆಗ ಹೋಲ್ಜ್‌ಹೌವರನು ಭಯಪಡಬೇಕಾದುದು ಮೂರನೆಯವನಿಗೆ ಮಾತ್ರ, ಅವನ ಗರಿಷ್ಠ ಮೊತ್ತ 22,000. ಇದೀಗ 23,400ರಿಂದ 1,399ನ್ನು ಕಳೆದು ನೋಡಿರಿ: 22,001. ಎಂದರೆ, ಬೆಟ್ಚರಳು ತಪ್ಪಿದಳೆಂದಾದರೆ ತಾನೂ ತಪ್ಪಿದರೂ, ಮೂರನೆಯವನು ಸರ್ವಸ್ವವನ್ನೂ ಒಡ್ಡಿ ಗೆದ್ದರೂ, ಒಂದು ಡಾಲರಿನ ಅಂತರದಿಂದ ಪಂದ್ಯ ತನ್ನದೇ ಆಗುವಂತೆ ಆತನು ಲೆಕ್ಕ ಹಾಕಿದ್ದನು. ಸೋಲಲು ಬಯಸಿದವನು ಹಿಡಿಯುವ ದಾರಿ ಇದಲ್ಲ; ಗೆಲ್ಲಲು ಉಳಿದಿದ್ದ ಒಂದೇ ಸಂದಿಯನ್ನು ಎಷ್ಟು ಅಗಲಿಸಬಹುದೋ ಅಷ್ಟು ಅಗಲಿಸಿದವನ ಲೆಕ್ಕವಿದು.

ಇಲ್ಲಿ ಎರಡು ಆಕ್ಷೇಪಗಳಿಗೆ ಎಡೆಯಿದೆ. ಬೆಟ್ಚರಳು ಅಂಜಿ ಅತ್ಯಲ್ಪ ಪಣವೊಡ್ಡಿದ್ದರೆ ಏನಾಗುತ್ತಿತ್ತು ಎಂಬುದು ಮೊದಲನೆಯದು. ಆಗ ಈ ಸಣ್ಣ ಪಣದಿಂದ ಆತನು ಸೋಲುತ್ತಿದ್ದನು, ದೊಡ್ಡದೊಂದು ಪಣದಿಂದ ಗೆಲ್ಲಬಹುದಾಗಿತ್ತು, ಇದನ್ನು ಒಪ್ಪಲೇಬೇಕು. ಆದರೆ ಎದುರಾಳಿಯು ಹೇಗೆ ಆಡುವಳೆಂಬುದನ್ನು ಊಹಿಸಿಯೇ ಪಣವೊಡ್ಡಬೇಕಾದ ಆಟದಲ್ಲಿ, ಆಕೆ ವಿವೇಕದಿಂದ ಆಡುವಳೆಂದು ಊಹಿಸಿದುದು ತಪ್ಪೆನ್ನಲಾಗದು. ಆ ಊಹೆ ಡಾಲರಿಗೆ ಡಾಲರಿನಂತೆ ನಿಜವೂ ಆಯಿತು. ನಿತ್ಯವೂ ದೊಡ್ಡ ಪಣವೊಡ್ಡುತ್ತಿದ್ದವನು ಅಂದು ಮಾತ್ರ ಏಕೆ ಕೈ ಬಿಗಿಹಿಡಿದನು ಎಂಬುದು ಎರಡನೆಯದು. ಹಿಂದಿನ ಪಂದ್ಯಗಳಲ್ಲಿ ಬಹುತೇಕ ಆತನ ಗಳಿಕೆ ಎರಡನೆಯವರ ಗಳಿಕೆಯ ಇಮ್ಮಡಿಯನ್ನೂ ಮೀರಿರುತ್ತಿತ್ತು. ಅಂಥ ಸ್ಥಿತಿಯಲ್ಲಿ ಇಮ್ಮಡಿಗೆ ಮೇಲ್ಪಟ್ಟ ಭಾಗವನ್ನು ಒಡ್ಡಿದರೆ ಪಂದ್ಯಕ್ಕೆ ಯಾವ ಅಪಾಯವೂ ಇಲ್ಲ. ಅಂದು ಆತನು ಹಿಂದಿದ್ದನು. ಸ್ಥಿತಿ ಬದಲಾದುದರಿಂದ ನಡೆ ಬದಲಾಯಿತು, ನೀತಿ ಬದಲಾಗಲಿಲ್ಲ. ಕೊನೆಯ ಪ್ರಶ್ನೆ ಷೇಕ್ಸ್‌ಪಿಯರನ ನಾಟಕವೊಂದರ ಮಾತು ಯಾವ ಕವಿಯ ಅಕಾಲಮರಣವನ್ನು ಸೂಚಿಸುವುದೆಂಬುದನ್ನು ಕುರಿತಿತ್ತು. ಮಾರ್ಲೋ ಎಂಬ ಉತ್ತರವನ್ನು ಮೂವರೂ ಸರಿಯಾಗಿಯೇ ಬರೆದಿದ್ದರು. ಉತ್ತರ ಬಲ್ಲವನು ಬಲ್ಲೆನೆಂದು ಬರೆದೂ ಸೋತನು. ಬಿಟ್ಟುಕೊಡುವ ಮನಸ್ಸಿದ್ದಿದ್ದರೆ ತಪ್ಪು ಉತ್ತರ ಬರೆಯುವುದಕ್ಕೆ ಯಾರೂ ಅಡ್ಡಿಯಾಗಿರಲಿಲ್ಲ.

ಇನ್ನು ಅಹಂಕಾರ ಮತ್ತು ಬಳಲಿಕೆಗಳ ವಿವರಣೆ. ಒಂದು ಘಟನೆಗೆ ಇದೇ ಕಾರಣವೆಂದು ಹೇಳಬೇಕಾದರೆ, ಘಟನೆ ನಡೆದಾಗ ಆ ಕಾರಣ ಇದ್ದಿತು, ನಡೆಯದಿದ್ದಾಗ ಇರಲಿಲ್ಲ ಎಂದು ತೋರಿಸಬೇಕಾಗುತ್ತದೆ; ಇದು ತರ್ಕದ ಪ್ರಾಥಮಿಕ ಪಾಠ. ಈ ಕಾರ್ಯಕ್ರಮದಲ್ಲಿ ಒಂದೇ ದಿನ ಐದು ಪಂದ್ಯಗಳನ್ನು ಚಿತ್ರೀಕರಿಸುವುದು ವಾಡಿಕೆ. ಬಳಲಿಕೆಯುಂಟಾದರೆ ಅದು ಗೆದ್ದ ಪಂದ್ಯಗಳಲ್ಲಿಯೂ ಉಂಟಾಗಿಯೇ ಇದ್ದಿರಬೇಕು. ಅಹಂಕಾರವಾದರೋ ಇನ್ನೂ ಸುಲಭವಾಗಿ ಬಣ್ಣ ಬದಲಿಸುವ ಕಾರಣ: ಗೆದ್ದಾಗ ಅದಕ್ಕೆ ಆತ್ಮವಿಶ್ವಾಸವೆಂಬ ಹೆಸರು, ಸೋತಾಗ ಮದವೆಂಬ ಹೆಸರು. ಯಾವ ಫಲಿತಾಂಶ ಬಂದರೂ ಅದಕ್ಕೆ ಹೊಂದಿಕೊಳ್ಳುವ ವಿವರಣೆ ಯಾವ ಫಲಿತಾಂಶವನ್ನೂ ವಿವರಿಸುವುದಿಲ್ಲ. ಅದು ಘಟನೆಗಿಂತ ಮೊದಲೇ ನಮ್ಮ ಬಳಿ ಸಿದ್ಧವಾಗಿದ್ದು, ಘಟನೆಯ ಬಳಿಕ ಅದಕ್ಕೆ ಅಂಟಿಸಿದ ಚೀಟಿ ಮಾತ್ರ. ಬಳಲಿ ಬೇಸತ್ತು ಬಲಗುಂದಿದನೆನ್ನಲಾದ ಇದೇ ವ್ಯಕ್ತಿ ಅದೇ ವರ್ಷದ ನವೆಂಬರಿನಲ್ಲಿ ವಿಜೇತರ ವಿಶೇಷ ಸ್ಪರ್ಧೆಗೆ ಮರಳಿ, ಅಂತಿಮ ಘಟ್ಟದಲ್ಲಿ ಬೆಟ್ಚರಳನ್ನೂ ಒಳಗೊಂಡ ಎದುರಾಳಿಗಳನ್ನು ಸೋಲಿಸಿದನೆಂಬುದನ್ನು ಇಲ್ಲಿ ನೆನೆಯಬಹುದು.

ಹಾಗಾದರೆ ಸೋಲಿಗೆ ಕಾರಣವೇನು? ಈ ಪ್ರಶ್ನೆಯೇ ತಲೆಕೆಳಗಾಗಿದೆ. ಒಬ್ಬನು ಪ್ರತಿ ಪಂದ್ಯವನ್ನೂ ನೂರಕ್ಕೆ 97ರ ಸಂಭವದಿಂದ ಗೆಲ್ಲಬಲ್ಲನೆಂದಿಟ್ಟುಕೊಳ್ಳೋಣ. ಮೂವರ ಸ್ಪರ್ಧೆಯಲ್ಲಿ ಸಾಮಾನ್ಯನೊಬ್ಬನ ಪಾಲು ನೂರಕ್ಕೆ 33ರ ಸುಮಾರು ಎಂಬುದನ್ನು ನೆನೆದರೆ ಇದು ಅಮಾನುಷವೆನ್ನಬಹುದಾದ ಸಾಮರ್ಥ್ಯ. ಆದರೂ ಇಂಥ ನೂರು ಮಂದಿಯನ್ನು ಕಣಕ್ಕಿಳಿಸಿದರೆ 32 ಗೆಲುವುಗಳ ಸರಪಣಿಯನ್ನು ಪೂರೈಸುವವರು 38 ಮಂದಿಯಷ್ಟೇ; ಉಳಿದವರು ಅಹಂಕಾರವಿಲ್ಲದೆ, ಬಳಲಿಕೆಯಿಲ್ಲದೆ, ಸಾಮರ್ಥ್ಯದಲ್ಲಿ ಎಳ್ಳಷ್ಟೂ ಕುಂದದೆ ಅದಕ್ಕೆ ಮೊದಲೇ ಸೋತಿರುತ್ತಾರೆ. ಸಂಭವವನ್ನು 98ಕ್ಕೆ ಏರಿಸಿದರೂ ಜೆನ್ನಿಂಗ್ಸನ 74 ಗೆಲುವುಗಳನ್ನು ಮುಟ್ಟುವವರು ನೂರರಲ್ಲಿ 22 ಮಂದಿ. ಅಲ್ಲಿಯವರೆಗೆ ಹೋಗುವ ಸಂಭವ ಅರ್ಧಕ್ಕರ್ಧವಾಗಬೇಕಾದರೆ ಪ್ರತಿ ಪಂದ್ಯದ ಸಂಭವ 99ನ್ನು ದಾಟಿರಬೇಕು. ನೂರರಲ್ಲಿ ಮೂರು ಎಂಬುದು ಒಂದು ದಿನದ ಮಟ್ಟಿಗೆ ನಗಣ್ಯ. ಪ್ರತಿದಿನವೂ ಮತ್ತೆ ಮತ್ತೆ ಎದುರಾದಾಗ ಅದು ಅನಿವಾರ್ಯ. ದಿನದಿನದ ಸಂಭವ ಒಂದೇ ತೆರನಾಗಿರುವುದೆ, ಎದುರಾಳಿಗಳ ಬಲ ಬೇರೆಬೇರೆಯಲ್ಲವೆ ಎಂದು ಕೇಳಬಹುದು. ಅಹುದು, ಬೇರೆಯೇ, ಬಲಿಷ್ಠನಾದ ಎದುರಾಳಿ ಬಂದ ದಿನ ಸಂಭವ ಇಳಿಯುತ್ತದೆ, ದುರ್ಬಲರ ದಿನ ಏರುತ್ತದೆ. ಅದರಿಂದ ಲೆಕ್ಕ ತೊಡಕಾಗುವುದೇ ಹೊರತು ತತ್ತ್ವ ಬದಲಾಗುವುದಿಲ್ಲ. ಈ ಗಣಿತದಿಂದ ಹೋಲ್ಜ್‌ಹೌವರನ ಸಾಮರ್ಥ್ಯ ಇಂತಿಷ್ಟೇ ಎಂದು ಸಾಧಿಸಿದಂತಾಗದೆಂಬುದೂ ನಿಜ. ಸೋಲು ಸಂಭವಿಸಲು ಸಾಮರ್ಥ್ಯ ಕುಂದಬೇಕಾಗಿಲ್ಲವೆಂಬುದಷ್ಟೇ ಸಾಧಿತವಾಗುತ್ತದೆ. ನಮ್ಮ ವಾದಕ್ಕೆ ಅಷ್ಟು ಸಾಕು. ವಿವರಣೆಯನ್ನು ಬೇಡುವುದು ಸರಪಣಿಯ ದೈರ್ಘ್ಯ, ಅದರ ತುಂಡಾಗುವಿಕೆಯಲ್ಲ.

ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದು ಆಟದ ನಿಯಮದೊಳಗೇ ಅಡಗಿದೆ. 1984ರಿಂದ ಇಂದಿನ ರೂಪದಲ್ಲಿ ನಡೆಯುತ್ತಿರುವ ಈ ಕಾರ್ಯಕ್ರಮದಲ್ಲಿ 2003ರವರೆಗೆ ಐದು ಗೆಲುವುಗಳ ಮಿತಿಯಿತ್ತು. ಐದು ಬಾರಿ ಗೆದ್ದವನನ್ನು ಸನ್ಮಾನಿಸಿ ಕಳುಹಿಸಿಬಿಡುತ್ತಿದ್ದರು. ಆ ಕಾಲದಲ್ಲಿ ಸೋಲದೆಯೇ ನಿವೃತ್ತರಾದ ಅಜೇಯರು ಅನೇಕರು. ಮಿತಿಯನ್ನು ತೆಗೆದುಹಾಕಿದ ಮರುಗಳಿಗೆಯಿಂದ ಅಜೇಯನಾಗಿ ಹೊರಹೋಗುವ ಸಾಧ್ಯತೆಯೇ ಇಲ್ಲವಾಯಿತು. ಒಂದೇ ಬಾಗಿಲಿನ ಮನೆಯಿಂದ ಹೊರಬಂದವನನ್ನು, ಇದೇ ಬಾಗಿಲಿನಿಂದ ಏಕೆ ಬಂದೆಯೆಂದು ಕೇಳುವುದು ಎಷ್ಟು ನಿರರ್ಥಕವೋ, ಇಂದಿನ ಜೆಪರ್ಡಿಯ ವಿಜೇತನೊಬ್ಬನನ್ನು ಏಕೆ ಸೋತೆಯೆಂದು ಕೇಳುವುದೂ ಅಷ್ಟೇ ನಿರರ್ಥಕ. ಅಲ್ಲಿಗೆ, ಅಜೇಯತ್ವವೆಂದು ನಾವು ಕೊಂಡಾಡುವುದು ವ್ಯಕ್ತಿಯ ಗುಣವೇ, ನಿಯಮದ ಕೊಡುಗೆಯೇ ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಬೆಂಗಳೂರು ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರರು ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ಕಾರ್ಯಕ್ರಮವನ್ನು ಇದರೊಡನೆ ಹೋಲಿಸಿ ನೋಡಿರಿ. ಅಲ್ಲಿಯೂ ಮೂವರು ಸ್ಪರ್ಧಿಗಳು, ಬಹುಮಾನ ಪುಸ್ತಕಗಳು, ನಿನ್ನೆಯ ವಿಜೇತನು ಇಂದಿನ ಪಂದ್ಯಕ್ಕೆ ಕಾಯ್ದು ಕುಳಿತಿರುವುದಿಲ್ಲ. ಸಾವಿರಾರು ಕಂತುಗಳು ಸಾಗಿದರೂ ಅಲ್ಲಿ ಚಕ್ರವರ್ತಿಯೊಬ್ಬನು ಹುಟ್ಟಲಿಲ್ಲ, ಆದುದರಿಂದ ಚಕ್ರವರ್ತಿಯೊಬ್ಬನು ಬೀಳಲೂ ಇಲ್ಲ. ಕನ್ನಡಿಗರಲ್ಲಿ ಜ್ಞಾನಿಗಳು ಕಡಮೆಯೆಂದು ಇದರ ಅರ್ಥವಲ್ಲವಷ್ಟೆ.

ಇಷ್ಟು ಹೇಳಿದೊಡನೆ, ಹಾಗಾದರೆ ಎಲ್ಲವೂ ಅದೃಷ್ಟವೇ ಎಂಬ ಆಕ್ಷೇಪ ಸಹಜವಾಗಿ ಬರುತ್ತದೆ. ಅಲ್ಲ. ಸೋಲಿಗೆ ಅಸಾಧಾರಣ ಕಾರಣ ಬೇಡವೆಂದರೆ ಗೆಲುವಿಗೆ ಸಾಮರ್ಥ್ಯ ಬೇಡವೆಂದಾಗುವುದಿಲ್ಲ. ಹೆಚ್ಚಿನ ಬೆಲೆಯ ಪ್ರಶ್ನೆಗಳನ್ನು ಮೊದಲೇ ಎತ್ತಿಕೊಂಡು ಬಂಡವಾಳ ಬೆಳೆಸುವುದು, ಡೈಲಿ ಡಬಲ್ ಸಿಕ್ಕಾಗ ಅದನ್ನು ಧೈರ್ಯದಿಂದ ಒಡ್ಡುವುದು, ಅಪರಿಚಿತ ವಿಷಯಗಳ ಸಾರವನ್ನು ಮಕ್ಕಳಿಗಾಗಿ ಬರೆದ ಸಚಿತ್ರ ಪುಸ್ತಕಗಳಿಂದ ಗ್ರಹಿಸುವುದು, ಇವೆಲ್ಲ ಹೋಲ್ಜ್‌ಹೌವರನ ಪರಿಶ್ರಮದ ಫಲಗಳು. ಆದರೆ ಪರಿಶ್ರಮ ಒಂದೇ ಕಡೆ ಇರುವುದಿಲ್ಲವೆಂಬುದನ್ನು ಪ್ರಚಲಿತ ವಿವರಣೆಗಳು ಮರೆಯುತ್ತವೆ. ಅಹಂಕಾರ, ಬಳಲಿಕೆ, ಇಚ್ಛಾಪೂರ್ವಕವಾದ ಸೋಲು: ಮೂರರಲ್ಲಿಯೂ ಕಾರಣ ಸೋತವನ ಒಳಗೇ ಇದೆ, ಗೆದ್ದವಳಿಗೆ ಅಲ್ಲಿ ಸ್ಥಾನವೇ ಇಲ್ಲ. ಬೆಟ್ಚರಳು ಅಂದು ಷಿಕಾಗೊ ವಿಶ್ವವಿದ್ಯಾನಿಲಯದ ಗ್ರಂಥಪಾಲಕಿಯಾಗಿದ್ದಳು. ಸ್ನಾತಕೋತ್ತರ ಪದವಿಗಾಗಿ ಆಕೆ ಬರೆದ ಪ್ರಬಂಧದ ವಿಷಯವೇ ಈ ಕಾರ್ಯಕ್ರಮದ ಪ್ರಶ್ನೆಗಳ ಕಾಠಿನ್ಯವನ್ನು ಅವುಗಳ ಪದರಚನೆಯಿಂದ ಮುಂಗಾಣಬಹುದೇ ಎಂಬುದು. ಅಂದಿನ ಎರಡನೆಯ ಸುತ್ತಿನ ಎರಡು ಡೈಲಿ ಡಬಲ್‌ಗಳೂ ಆಕೆಯ ಪಾಲಾದುವು. ಅವು ಸಿಕ್ಕಿದುದರಲ್ಲಿ ದೈವದ ಪಾಲಿರಬಹುದು, ಸಿಕ್ಕಿದುದನ್ನು ಸದುಪಯೋಗಪಡಿಸಿಕೊಂಡುದರಲ್ಲಿ ಆಕೆಯ ಪಾಲು ಪೂರ್ಣವಾಗಿದೆ. ಸೋತವನ ಮನಸ್ಸಿನಲ್ಲಿ ಕಾರಣ ಹುಡುಕುವವರು, ತಮಗರಿವಿಲ್ಲದೆಯೇ, ಗೆದ್ದವಳಿಗೆ ಸಲ್ಲಬೇಕಾದುದನ್ನು ಅಪಹರಿಸುತ್ತಾರೆ. ಹಾಗೆಂದು ಒಂದು ಗೆಲುವಿನಿಂದ ಗೆದ್ದವರು ಸೋತವರಿಗಿಂತ ಶ್ರೇಷ್ಠರೆಂದೂ ಸ್ಥಾಪಿತವಾಗುವುದಿಲ್ಲ. 2004ರ ನವೆಂಬರ್ 30ರಂದು ಪ್ರಸಾರವಾದ ಪಂದ್ಯದಲ್ಲಿ, ತೆರಿಗೆ ಲೆಕ್ಕ ಸಿದ್ಧಪಡಿಸಿಕೊಡುವ ಸಂಸ್ಥೆಯೊಂದನ್ನು ಕುರಿತ ಪ್ರಶ್ನೆಗೆ ಪಾರ್ಸೆಲುಗಳನ್ನು ಸಾಗಿಸುವ ಸಂಸ್ಥೆಯ ಹೆಸರು ಬರೆದು ಸೋತ ಜೆನ್ನಿಂಗ್ಸನನ್ನು ಮಣಿಸಿದ ನ್ಯಾನ್ಸಿ ಝರ್ಗಳು ಮುಂದಿನ ಪಂದ್ಯದಲ್ಲಿಯೇ ಮೂರನೆಯವಳಾದಳು. ಒಂದು ಪಂದ್ಯ ಆ ಪಂದ್ಯದ ಪ್ರಶ್ನೆಗೆ ಮಾತ್ರ ಉತ್ತರ. ಅದರಿಂದ ವ್ಯಕ್ತಿಗಳ ತಾರತಮ್ಯವನ್ನು ನಿರ್ಣಯಿಸಹೊರಡುವುದು ಅದರ ಮೇಲೆ ಹೊರಲಾರದ ಹೊರೆಯನ್ನು ಹೊರಿಸಿದಂತೆ.

ದೊಡ್ಡವರ ಪತನಕ್ಕೆ ನೈತಿಕ ಕಾರಣವನ್ನು ಕಾಣುವುದು ನಮ್ಮ ಪರಂಪರೆಯೇ ಕಲಿಸಿದ ಪಾಠ, ಅದನ್ನು ಗಣಿತದಿಂದ ಅಳಿಸಬಹುದೆ ಎಂದು ಕೇಳುವವರೂ ಇದ್ದಾರೆ. ಪರಂಪರೆಯನ್ನೇ ನೋಡೋಣ. ನಮ್ಮೂರಿನ ಒಂದು ಬದಿಗೆ ಕಾರ್ಕಳ, 1432ರಲ್ಲಿ ನಿಲ್ಲಿಸಿದ ಬಾಹುಬಲಿ. ಇನ್ನೊಂದು ಬದಿಗೆ ಬೆಳ್ತಂಗಡಿ ಸೀಮೆಯ ವೇಣೂರು, 1604ರಲ್ಲಿ ನಿಲ್ಲಿಸಿದ ಬಾಹುಬಲಿ. ಷಟ್ಖಂಡಗಳನ್ನು ಗೆದ್ದು ಬಂದ ಭರತ ಚಕ್ರವರ್ತಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ತಮ್ಮನಾದ ಈ ಬಾಹುಬಲಿಗೆ ಸೋತನೆಂಬುದು ಪಂಪನ ಆದಿಪುರಾಣದ ಕಥೆ. ಅಜೇಯನ ಸೋಲಿಗೆ ಇದಕ್ಕಿಂತ ದೊಡ್ಡ ದೃಷ್ಟಾಂತ ನಮ್ಮ ಸಾಹಿತ್ಯದಲ್ಲಿಲ್ಲ. ಆದರೆ ಭರತನು ಬೇಕೆಂದೇ ಸೋತನೆಂದು ಆ ಪರಂಪರೆ ಹೇಳಲಿಲ್ಲ. ಬಾಹುಬಲಿ ಅಣ್ಣನಿಗಿಂತ ಎತ್ತರದವನೆಂದು ಹೇಳಿತು. ಕಣ್ಣಿಗೆ ಕಣ್ಣಿಟ್ಟು ನೋಡುವಲ್ಲಿ, ಮುಖಕ್ಕೆ ನೀರೆರಚುವಲ್ಲಿ ಎತ್ತರದವನಿಗೆ ಮೇಲುಗೈಯಾಗುವುದು ಸರಳವಾದ ಕಾರಣ, ಸ್ಪರ್ಧೆಯ ಒಳಗಣ ಕಾರಣ, ಗೆದ್ದವನ ಕಡೆಯಿಂದ ಬಂದ ಕಾರಣ. ಭರತನ ಕೋಪದ ಮಾತು ಬರುವುದು ಸೋತ ಬಳಿಕ, ಚಕ್ರವನ್ನು ಪ್ರಯೋಗಿಸಿದಾಗ. ನೈತಿಕ ವಿಚಾರಣೆ ಅಲ್ಲಿಗೆ ಸಲ್ಲುತ್ತದೆ, ಸೋಲಿಗಲ್ಲ. ಚಕ್ರವರ್ತಿಯ ಈ ಸೋಲನ್ನು ಸಹಿಸಲಾಗದವನು 16ನೆಯ ಶತಮಾನದ ನಮ್ಮ ಮೂಡುಬಿದಿರೆಯ ರತ್ನಾಕರವರ್ಣಿ: ತನ್ನ ಭರತೇಶವೈಭವದಲ್ಲಿ ಆತನು ಯುದ್ಧವನ್ನೇ ನಡೆಯಗೊಡದೆ, ಭರತನ ಮೃದುವಚನಗಳಿಗೇ ಬಾಹುಬಲಿಯ ಮನಸ್ಸು ಕರಗುವಂತೆ ಮಾಡಿದನು. ಕವಿಗೆ ಆ ಸ್ವಾತಂತ್ರ್ಯವುಂಟು, ನಾಯಕನ ಮೇಲಣ ಪ್ರೀತಿ ಕಾವ್ಯದಲ್ಲಿ ಹೊಸ ಸೌಂದರ್ಯವನ್ನು ಸೃಷ್ಟಿಸಬಲ್ಲುದು. ನಡೆದುಹೋದ ಪಂದ್ಯವನ್ನು ಚರ್ಚಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ‘ಬೇಕೆಂದೇ ಸೋತನು’ ಎನ್ನುವವನು ರತ್ನಾಕರನ ಕೆಲಸವನ್ನು ರತ್ನಾಕರನ ಪ್ರತಿಭೆಯಿಲ್ಲದೆ ಮಾಡುತ್ತಿದ್ದಾನೆ.

ಫಲಿತಾಂಶವನ್ನೂ ಯೋಗ್ಯತೆಯನ್ನೂ ಬೇರ್ಪಡಿಸಿ ನೋಡುವ ಶಿಕ್ಷಣ ನಮ್ಮ ಸೀಮೆಯ ಜನಕ್ಕೆ ಹೊಸದೇನಲ್ಲ. ವೇಷವಿಲ್ಲದೆ ಮಾತಿನಲ್ಲಿಯೇ ಪ್ರಸಂಗ ನಡೆಸುವ ತಾಳಮದ್ದಳೆಯ ಪ್ರೇಕ್ಷಕರಿಗೆ ಅದು ರೂಢಿಗತವಾಗಿದೆ. ವಾಲಿವಧೆಯಲ್ಲಿ ವಾಲಿ ಬೀಳುವನೆಂಬುದು ಭಾಗವತರು ಮೊದಲ ಪದ ಎತ್ತುವ ಮುನ್ನವೇ ನಿಶ್ಚಿತ. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿ ಎದ್ದವರು ವಾಲಿ ಏಕೆ ಸೋತನೆಂದು ಕೇಳುತ್ತಿರಲಿಲ್ಲ. ಬಿದ್ದ ವಾಲಿ ರಾಮನನ್ನು ಯಾವ ಯಾವ ಪ್ರಶ್ನೆಗಳಿಂದ ಕಟ್ಟಿಹಾಕಿದನು, ರಾಮನ ಅರ್ಥಧಾರಿ ಅದನ್ನು ಹೇಗೆ ಬಿಡಿಸಿಕೊಂಡನು ಎಂಬುದನ್ನೇ ಚರ್ಚಿಸುತ್ತಿದ್ದರು. ಪ್ರಸಂಗದ ನಿಯಮದಂತೆ ಬಂದ ಸೋಲು ಒಂದು, ಮಾತಿನ ಯೋಗ್ಯತೆ ಇನ್ನೊಂದು ಎಂಬ ವಿವೇಕ ಅವರಲ್ಲಿ ಸಹಜವಾಗಿತ್ತು. ಅಲ್ಲಿ ಸೋಲು ಕಥೆಯಿಂದ ನಿಶ್ಚಿತ, ಇಲ್ಲಿ ಗಣಿತದಿಂದ ಬಹುತೇಕ ನಿಶ್ಚಿತ ಎಂಬ ವ್ಯತ್ಯಾಸವುಂಟಾದರೂ ವಿವೇಕ ಒಂದೇ.

ಹಾಗೆಂದು ಯಾವ ಸೋಲಿನ ಹಿಂದೆಯೂ ಮನಸ್ಸಿನ ದೋಷವಿರುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬಿಟ್ಟುಕೊಟ್ಟ ಪಂದ್ಯಗಳು ಲೋಕದಲ್ಲಿ ಇವೆ. ವಿಚಾರಣೆಯ ಕ್ರಮ ಸರಿಯಾಗಿರಬೇಕೆಂಬುದಷ್ಟೇ ನನ್ನ ಒತ್ತಾಯ. ಅಜೇಯನೆನಿಸಿದವನೊಬ್ಬನು ಸೋತಾಗ ಮೊದಲು ಕೇಳಬೇಕಾದುದು, ಆ ಆಟದಿಂದ ಸೋಲದೆ ಹೊರಬರುವ ದಾರಿ ಇತ್ತೇ ಎಂದು. ಎರಡನೆಯದಾಗಿ, ನಿರ್ಣಾಯಕ ಗಳಿಗೆಯಲ್ಲಿ ಅಂಕಗಳ ಸ್ಥಿತಿಗೆ ಆತನ ನಡೆ ತಕ್ಕುದಾಗಿತ್ತೇ ಎಂದು. ಮೂರನೆಯದಾಗಿ, ಎದುರಿಗೆ ನಿಂತವರು ಯಾರು, ಅವರು ಏನು ಮಾಡಿದರು ಎಂದು. ಈ ಮೂರಕ್ಕೂ ಉತ್ತರ ದೊರೆತ ಮೇಲೆಯೂ ಏನಾದರೊಂದು ವಿವರಣೆಗೆ ಸಿಕ್ಕದೆ ಉಳಿದರೆ ಮಾತ್ರ ಸೋತವನ ಅಂತರಂಗಕ್ಕೆ ಕೈಹಾಕುವ ಅಧಿಕಾರ ನಮಗೆ ಬರುತ್ತದೆ. ಹೋಲ್ಜ್‌ಹೌವರನ ಸಂದರ್ಭದಲ್ಲಿ ಉಳಿಯುವಂಥದು ಏನೂ ಇಲ್ಲ. ಒಂದು ಡಾಲರಿನ ಲೆಕ್ಕಕ್ಕೂ ಜವಾಬು ಸಿಕ್ಕಿದೆ.